ದೇವರ ಮುಖತ್ಯಾರ

ನಿಜಾಮರ ಆಳ್ವಿಕೆಯ ಕೊಪ್ಪಳದಲ್ಲಿ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಬಾಯಿಬಿಟ್ಟು ಮಾತನಾಡುವವರು ನನಗೆ ತಿಳಿದಂತೆ ಇಬ್ಬರೇ ಇದ್ದರು. ಒಬ್ಬರು ಹೆಚ್ಚಾಗಿ ಜೇಲಿನಲ್ಲಿರುತ್ತಿದ್ದರು. ಇನ್ನೊಬ್ಬರು ಕೋರ್ಟಿನ ಹಿಂದಿನ ಬೇವಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದರು. ಮೊದಲನೆಯವರ ಬಗ್ಗೆ ಈಗ ಬೇಕಾದಷ್ಟು ಜನ ಭಾಷಣ ಮಾಡುತ್ತಾರೆ. ಎರಡನೆಯವರ ಬಗ್ಗೆ ಮಾತನಾಡಲು ನಾನೊಬ್ಬನೇ ಉಳಿದಿದ್ದೇನೆ. ನನಗೂ ಹಲ್ಲು ಉದುರಿವೆ.

ಮೊನ್ನೆ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುವ ತರುಣರೊಬ್ಬರು ಮನೆಗೆ ಬಂದು, ಫ್ರೀ ವಿಲ್ ಎಂಬುದಕ್ಕೆ ಅಚ್ಚುಕಟ್ಟಾದ ಕನ್ನಡ ಮಾತು ಯಾವುದೆಂದು ಕೇಳಿದರು. ವಯಸ್ಸಾದವರಿಗೆ ಇಂಥದ್ದೆಲ್ಲ ಗೊತ್ತಿರುತ್ತದೆಂಬ ತಪ್ಪು ಕಲ್ಪನೆ ಇನ್ನೂ ಕೆಲವರಲ್ಲಿದೆ. ಮುಂದಿನ ವಾರ ಹೇಳುತ್ತೇನೆಂದು ಸಾಗಹಾಕಿದೆ. ವಕೀಲಿಯಲ್ಲಿ ಕಲಿತ ವಿದ್ಯೆಗಳಲ್ಲಿ ವಾಯಿದೆ ಕೇಳುವುದೊಂದು ಮಾತ್ರ ಈ ವಯಸ್ಸಿನಲ್ಲೂ ಕೈಕೊಟ್ಟಿಲ್ಲ. ಆದರೆ ಆತ ಹೋದ ಮೇಲೆ ಮಾಸ್ತರರ ನೆನಪು ಬಂದು ಎದುರಿಗೆ ಕೂತಿತು. ಅದಕ್ಕೆ ವಾಯಿದೆ ಕೊಡುವಂತಿರಲಿಲ್ಲ.

ಮಾಸ್ತರರು ಎಂದರೆ ಸ್ಟೇಶನ್ನಿನ ಕಡೆಗಿದ್ದ ಮಿಶನ್ನಿನ ಸಾಲೆಯಲ್ಲಿ ವಾರವೆಲ್ಲ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ರವಿವಾರ ಊರಿನ ನಾಲ್ಕಾರು ಕ್ರೈಸ್ತ ಮನೆಗಳವರಿಗೆ ಉಪದೇಶ ಮಾಡುತ್ತಿದ್ದವರು. ಎತ್ತರದ ಆಳು. ಕಪ್ಪು ಟೊಪ್ಪಿಗೆ, ಕೊರಳವರೆಗೆ ಗುಂಡಿ ಹಾಕಿದ ಬಿಳಿ ಕೋಟು, ಕೆಳಗೆ ಕಚ್ಚೆ ಧೋತರ. ಮೇಲಿನ ಅರ್ಧ ಮಿಶನ್ನಿನದು, ಕೆಳಗಿನ ಅರ್ಧ ತಮ್ಮ ಅಪ್ಪನದು ಎಂದು ಅವರೇ ಹೇಳುತ್ತಿದ್ದರು. ಗಂಭೀರವಾದ ಅಭಿಪ್ರಾಯ ಕೊಡುವ ಮುನ್ನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವರು. ಹೇಳಿ ಮುಗಿದ ಮೇಲೆ ಅದು ಮತ್ತೆ ತಲೆಗೆ ಏರುವುದು. ಟೊಪ್ಪಿಗೆ ತಲೆಯ ಮೇಲಿದ್ದಾಗ ಆಡಿದ ಮಾತಿಗೆ ತಾವು ಜವಾಬ್ದಾರರಲ್ಲ ಎಂದು ಅದರ ಅರ್ಥ.

ಹುಟ್ಟಿದ್ದು ಯಲಬುರ್ಗಾ ಸೀಮೆಯ ಎರೆಹೊಲದ ಒಕ್ಕಲು ಮನೆಯಲ್ಲಿ, ಲಿಂಗ ಕಟ್ಟಿದ ಕುಲದಲ್ಲಿ. ಹುಡುಗ ಜಾಣನೆಂದು ಮನೆಯವರು ಗಡಿಯಾಚೆಯ ಇಂಗ್ರೇಜಿ ಸೀಮೆಗೆ ಓದಲು ಕಳಿಸಿದರು. ಅಲ್ಲಿ ಅವರು ಮೊದಲು ತರ್ಕಶಾಸ್ತ್ರ ಓದಿದರು, ಆಮೇಲೆ ಯುರೋಪಿನ ತತ್ತ್ವಜ್ಞಾನ ಓದಿದರು, ಆಮೇಲೆ ಕ್ರೈಸ್ತರಾದರು. ಹಿಂದಿನ ಎರಡು ಸೇರಿ ಮೂರನೆಯದು ಆಯಿತೇ ಎಂದು ಒಮ್ಮೆ ಕೇಳಿದ್ದೆ. ಟೊಪ್ಪಿಗೆ ಕೆಳಗಿಳಿಯಿತು.

"ತರ್ಕ ಓದಿ ಯಾರೂ ಕ್ರಿಸ್ತಾನ ಆಗಂಗಿಲ್ರಿ ವಕೀಲರ. ತರ್ಕ ಓದಿದ್ರ ವಕೀಲ ಆಗ್ತಾರ."

ಊರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮನೆಯವರು ಅವರಿಗೆ ಮದುವೆಯನ್ನೂ ಮಾಡಿಸಿ, ಸೊಸೆಯನ್ನು ಮನೆ ತುಂಬಿಸಿಕೊಂಡಿದ್ದರು. ತಂದೆ ಬಾಗಿಲು ಹಾಕಿಕೊಂಡರು. ಮಾಸ್ತರರು ಹಾಕಿದ ಬಾಗಿಲಿಗೆ ಕೈಮುಗಿದು ತಿರುಗುವಷ್ಟರಲ್ಲಿ ಅದು ಒಮ್ಮೆ ತೆರೆದು, ಕೊರಳಲ್ಲಿ ಲಿಂಗ, ಕಂಕುಳಲ್ಲಿ ತಾಮ್ರದ ಕೊಡ ಸಮೇತ ಅವರ ಹೆಂಡತಿಯನ್ನು ಹೊರಗೆ ಬಿಟ್ಟು ಮತ್ತೆ ಮುಚ್ಚಿಕೊಂಡಿತು. ಆಕೆಯನ್ನು ಯಾರೂ ಕರೆದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಇಬ್ಬರೂ ಕೊಪ್ಪಳಕ್ಕೆ ಬಂದು ಮಿಶನ್ನಿನ ಎರಡು ಖೋಲಿಯ ಮನೆ ಹಿಡಿದರು. ಮುಂದಿನ ಖೋಲಿಯ ಗೋಡೆಗೆ ಅವರ ಶಿಲುಬೆ, ಹಿಂದಿನ ಖೋಲಿಯ ಗೂಡಿನಲ್ಲಿ ಆಕೆಯ ವಿಭೂತಿಗಟ್ಟಿ. ಮಕ್ಕಳಾಗಲಿಲ್ಲ. ಊರವರು ಆ ಮನೆಗೆ 'ಎರಡ ದೇವರ ಮನಿ' ಎಂದು ಹೆಸರಿಟ್ಟರು. ಆ ಮನೆಯ ಚಹಾ ಯಾವ ಖೋಲಿಯ ಅಧಿಕಾರ ವ್ಯಾಪ್ತಿಗೆ ಸೇರುತ್ತದೆಂಬ ಪ್ರಶ್ನೆಯನ್ನು ನನ್ನಂಥ ಮಡಿವಂತ ವಿಚಾರಣೆಗೆ ಎತ್ತಿಕೊಳ್ಳಬೇಕಿತ್ತು. ವರ್ಷಗಟ್ಟಲೆ ವಾಯಿದೆ ಕೊಡುತ್ತ, ಅಷ್ಟರಲ್ಲಿ ಚಹಾ ಕುಡಿಯುತ್ತ ಬಂದೆ.

ಮನುಷ್ಯನು ಸ್ವತಂತ್ರ ಎಂಬ ಮಾತನ್ನು ಅವರು ಓದಿ ಬಿಟ್ಟವರಲ್ಲ. ಅದನ್ನು ಎಲ್ಲರ ಮೇಲೂ ಪ್ರಯೋಗ ಮಾಡಿ ಎಲ್ಲರನ್ನೂ ಗೋಳುಹೊಯ್ದುಕೊಂಡವರು. ಸಾಲೆಯಲ್ಲಿ ಸಿಹಿ ಹಂಚುವಾಗ ಬೆಲ್ಲದ ಚೂರು, ಪೆಪ್ಪರಮೆಂಟು ಎರಡನ್ನೂ ಎದುರಿಗಿಟ್ಟು, "ಯಾವುದು ಬೇಕು, ನೀನ ವಿಚಾರ ಮಾಡು" ಎನ್ನುವರು. ಮಕ್ಕಳು ವಿಚಾರ ಮಾಡಿ ಎರಡೂ ಬೇಕೆಂದು ಅಳುವವು. ಒಮ್ಮೆ ಆನೆಗೊಂದಿಯ ಹತ್ತಿರ ಹೊಳೆ ದಾಟಬೇಕಿತ್ತು, ಹೊಳೆ ತುಂಬಿತ್ತು. ಅಂಬಿಗ, "ಈಗ ದಾಟೂದೋ, ತಡದು ದಾಟೂದೋ, ಹಿರ್ಯಾರು ಹೇಳ್ರಿ" ಎಂದ. ಮಾಸ್ತರರು ತಾವೊಬ್ಬರೇ ಹೇಳುವುದು ಅನ್ಯಾಯವೆಂದು ಹರಿಗೋಲಿನ ಪ್ರಯಾಣಿಕರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳತೊಡಗಿದರು. ಬಾಳೆಗೊನೆ ಹೊತ್ತವನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಅವನಿಗೆ ಸಂಜ್ಞೆಯಲ್ಲಿ ವಿವರಿಸಿದರು. ಅಂಬಿಗ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಎಲೆಯಡಿಕೆ ತೆಗೆದ. "ಇವರು ಎಲ್ಲಾರ ಮನಸು ಕೇಳಿ ಮುಗಸೂದ್ರಾಗ ಹೊಳೀನ ಇಳದು ಹೋಗತೈತಿ ಬಿಡ್ರಿ, ನಡಕೋಂತ ಹೋಗೂಣು."

ಮನೆಯಲ್ಲೂ ಅದೇ. ಬೆಳಿಗ್ಗೆ ಎದ್ದು, "ಇವತ್ತ ಅಡಿಗಿ ಏನು ಮಾಡಬೇಕಂತಿ?" ಎಂದು ಹೆಂಡತಿಯನ್ನು ಕೇಳುವರು. ಹಿಂದಿನ ಖೋಲಿಯಿಂದ ಉತ್ತರ ಬರುವುದು: "ಜ್ವಾಳ ಬಿಟ್ರ ಸಜ್ಜಿ ಐತಿ. ಇದರಾಗ ಏನು ಸ್ವಾತಂತ್ರ್ಯ ಹುಡುಕ್ತೀರಿ, ಹೋಗ್ರಿ ಸಾಲಿಗೆ." ಸೀರೆ ತರುವಾಗ ಬಣ್ಣ ಕೇಳುವರು, ಕಿಟಕಿ ತೆರೆಯುವಾಗ ಕೇಳುವರು, ತಾವು ಪರ ಊರಿಗೆ ಹೋಗುವಾಗಲೂ ಕೇಳುವರು. ಕೇಳದೆ ಬಿಟ್ಟ ಮಾತು ಒಂದೇ. ಆ ಮಾತಿಗೆ ಬರುತ್ತೇನೆ.

ಅವರ ಮುಖ್ಯ ಕಷ್ಟ ಕನ್ನಡದ್ದು. ಯುರೋಪಿನವರು ಸಾವಿರಾರು ವರ್ಷ ಚರ್ಚಿಸಿದ ವಸ್ತುವನ್ನು ನಮ್ಮ ಜನರ ಮಾತಿನಲ್ಲಿ ಹೇಳಲು ಹೊರಟಾಗ ಕೈಗೆ ಒಂದು ಶಬ್ದವೂ ನೆಟ್ಟಗೆ ಸಿಗಲಿಲ್ಲ. ಸ್ವೇಚ್ಛೆ ಎಂದರೆ ಅತ್ತೆಯಂದಿರು ಸೊಸೆಯರ ಮೇಲೆ ಹೊರಿಸುವ ಅಪರಾಧ. ಬಿಡುಗಡೆ ಎಂದರೆ ಜೇಲಿನಿಂದ ಕೈದಿಯದು, ಕೊಂಡವಾಡದಿಂದ ದನದ್ದು. ಮುಕ್ತಿ ಎಂದರೆ ಸತ್ತ ಮೇಲಿನದು. "ಅಂದ್ರ ನಮ್ಮ ಭಾಷಾದಾಗ ಮನಷಾ ಸ್ವತಂತ್ರ ಆಗಬೇಕಂದ್ರ ಒಂದೋ ಕೆಟ್ಟಿರಬೇಕು, ಇಲ್ಲಾ ಜೇಲಿಗೆ ಹೋಗಿರಬೇಕು, ಇಲ್ಲಾ ಸತ್ತಿರಬೇಕು" ಎಂದು ಅವರು ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟಿದ್ದರು.

ಆ ಕಟ್ಟೆಯ ಮೇಲೆ ನಾನು ಪಡೆದ ಶಿಕ್ಷಣ ಯಾವ ವಿದ್ಯಾಪೀಠದಲ್ಲೂ ಸಿಗದು. ಬಿಸಿಲಿಗೆ ಬೇಸತ್ತ ಕಕ್ಷಿದಾರರು ನೆರಳಿಗೆ ಬಂದು ಒರಗುವರು. ಅವರ ನಡುವೆ ಮಾಸ್ತರರು ಯುರೋಪನ್ನು ಬಿಚ್ಚುವರು. ಹಿಂದೊಮ್ಮೆ ಆಫ್ರಿಕದ ಕಡಲ ತೀರದಲ್ಲಿ ಒಬ್ಬ ಧರ್ಮಾಧ್ಯಕ್ಷರಿದ್ದರಂತೆ. ಮನುಷ್ಯನ ಇಚ್ಛೆಗೆ ಪೆಟ್ಟು ಬಿದ್ದಿದೆ, ದೇವರ ಕೃಪೆ ಹಿಡಿದೆತ್ತದೆ ಅದು ಏಳಲಾರದು ಎಂಬುದು ಅವರ ವಾದ. ಅವರಿಗೆ ಎದುರಾಳಿಯಾಗಿ, ಕಾಲು ಕೊಟ್ಟ ದೇವರು ನಡೆಯುವ ಕೆಲಸವನ್ನೂ ತಾನೇ ಮಾಡಬೇಕೇ ಎಂದ ಇನ್ನೊಬ್ಬ. ಅವರಾದ ಮೇಲೆ ಎಷ್ಟೋ ಕಾಲಕ್ಕೆ ಜರ್ಮನಿಯ ಪ್ರಾಧ್ಯಾಪಕನೊಬ್ಬ ಬಂದು, ಮನಸ್ಸಿಗೆ ಬಂದದ್ದನ್ನು ಮಾಡುವುದು ಸ್ವಾತಂತ್ರ್ಯವಲ್ಲ, ತಾನೇ ತನಗೆ ಹಾಕಿಕೊಂಡ ಕಾಯಿದೆಗೆ ತಲೆಬಾಗುವುದು ಸ್ವಾತಂತ್ರ್ಯ ಎಂದನಂತೆ.

"ಪ್ರತಿಯೊಬ್ಬನೂ ತನ್ನ ಕಾಯಿದೆ ತಾನೇ ಮಾಡಿಕೊಂಡು ಪಾಲಿಸಿದರೆ ವಕೀಲರ ಗತಿಯೇನು?" ಎಂದೆ.

"ಅದಕ್ಕ ನೋಡ್ರಿ, ಆ ಪುಸ್ತಕ ನಿಮ್ಮ ಮಂದಿ ಯಾರೂ ಓದಂಗಿಲ್ಲ."

ಶಬ್ದದ ಕಷ್ಟ ಕುಷ್ಟಗಿಯ ಸಂತೆಯಲ್ಲಿ ವಿಕೋಪಕ್ಕೆ ಹೋಯಿತು. ಹೈದರಾಬಾದಿನಲ್ಲಿ ಸತ್ಯಾಗ್ರಹ ನಡೆದಿದ್ದ ವರ್ಷ ಅದು. ಮಾಸ್ತರರು ಮೆಣಸಿನಕಾಯಿ ಮಾರುವವರ ಪಕ್ಕದಲ್ಲಿ ಕಲ್ಲಿನ ಮೇಲೆ ನಿಂತು, "ಮನಷಾ ಹುಟ್ಟಾ ಸ್ವತಂತ್ರ" ಎಂದು ಉಪದೇಶ ಶುರುಮಾಡಿದರು. ಎರಡನೆಯ ವಾಕ್ಯಕ್ಕೆ ಅವಕಾಶವಾಗಲಿಲ್ಲ. ಪೋಲೀಸ್ ಅಮೀನರಿಗೆ ಕನ್ನಡದಲ್ಲಿ ತಿಳಿಯುತ್ತಿದ್ದ ಕೆಲವೇ ಶಬ್ದಗಳಲ್ಲಿ ಅದೂ ಒಂದು. ಹಿಡಿದು ಕೂರಿಸಿದರು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಕುಷ್ಟಗಿಗೆ ಹೋಗಿ, ತಹಶೀಲ್ದಾರರ ಮುಂದೆ ನಿಂತು ನನ್ನ ವೃತ್ತಿಜೀವನದ ಅತ್ಯಂತ ಶ್ರೇಷ್ಠ ವಾದವನ್ನು ಮಂಡಿಸಿದೆ: ನನ್ನ ಕಕ್ಷಿದಾರರು ಹೇಳುತ್ತಿರುವುದು ಪಾಪ ಮಾಡುವ ಸ್ವಾತಂತ್ರ್ಯದ ವಿಷಯ. ಅದು ಸರಕಾರದ ಅಪ್ಪಣೆ ಇಲ್ಲದೆಯೂ ಪ್ರಜೆಗಳೆಲ್ಲರಿಗೂ ಮೊದಲಿನಿಂದ ಇದೆ.

ತಹಶೀಲ್ದಾರ ಸಾಹೇಬರು ಹಳೆಯ ಕಾಲದ ವಿದ್ಯಾವಂತರು. ಅವರ ಮುಖ ಅರಳಿತು. ಅಮೀನರನ್ನು ಹೊರಗೆ ಕಳಿಸಿ ಚಹಾ ತರಿಸಿದರು.

"ಒಬ್ಬ ಮನಷಾ ಪಾಪ ಮಾಡ್ತಾನಂತ ಖುದಾಗ ಮೊದಲ ಮಾಲೂಮ್ ಇರತೈತೋ ಇಲ್ಲೋ, ಮಾಸ್ತರ್?"

"ಇರತೈತ್ರಿ."

"ಮಾಲೂಮ್ ಇದ್ದದ್ದು ಆಗಾಕಬೇಕು. ಆಗಾಕಬೇಕಂದ್ರ ಇವನ ಕಸೂರು ಏನು, ತಪ್ಪು ಏನು?"

ಟೊಪ್ಪಿಗೆ ಇಳಿಯಿತು. "ಸಾಹೇಬ್ರ, ನಾ ಸುಳ್ಳು ಹೇಳ್ತೀನಂತ ನನ್ನ ಹೆಂಡತಿಗೆ ನಾ ಬಾಯಿ ತೆರಿಯೂಕಿಂತ ಮೊದಲ ಗೊತ್ತಿರತೈತ್ರಿ. ಆಕಿಗೆ ಗೊತ್ತಿತ್ತಂತ ನಾ ಸುಳ್ಳು ಹೇಳಿದ್ನೇನ್ರಿ?"

ಸಾಹೇಬರು ಮೇಜು ಗುದ್ದಿ ನಕ್ಕರು. "ನಮ್ಮ ಓದಿದ ಆಲಿಮ್ ಮಂದಿ ಸಾವಿರ ವರ್ಸ ಇದಕ್ಕ ಗುದ್ದಾಡ್ಯಾರ. ಒಬ್ಬಾಂವರ ತನ್ನ ಬೀಬೀನ ಸಾಕ್ಷಿ ಕರದಿದ್ದಿಲ್ಲ." ಆಮೇಲೆ ದನಿ ತಗ್ಗಿಸಿ ಅಂದರು: "ಸ್ವತಂತ್ರ ಅನಬ್ಯಾಡ್ರಿ, ಆಜಾದ್ ಅಂತೂ ಬ್ಯಾಡ. ಆ ಲಫ್ಜುಗಳಿಗೆ ಈಗ ಮೈ ಆರಾಮಿಲ್ಲ. ಮುಖತ್ಯಾರ ಅನ್ರಿ. ಇನ್ಸಾನ್ ಮುಖತ್ಯಾರ ಅದಾನ. ನಮ್ಮ ಕಿತಾಬಿನಾಗೂ ಅದ ಮಾತು ಐತಿ, ಸರಕಾರದ್ದೂ ತಕರಾರಿಲ್ಲ."

ಅರಬ್ಬಿ ಗ್ರಂಥಗಳಲ್ಲಿ ಮುಖತ್ಯಾರ ಎಂದರೆ ಆಯ್ಕೆಯ ಅಧಿಕಾರವುಳ್ಳವನು. ಸಾಹೇಬರ ಮಾತು ನೂರಕ್ಕೆ ನೂರು ಸರಿ. ಆದರೆ ನಮ್ಮ ಕೋರ್ಟು ಕಚೇರಿಗಳಲ್ಲಿ, ಆದ್ದರಿಂದ ನಮ್ಮ ಸಮಸ್ತ ಹಳ್ಳಿಗಳಲ್ಲಿ, ಮುಖತ್ಯಾರ ಎಂದರೆ ಬೇರೊಬ್ಬ ಯಜಮಾನನ ಪರವಾಗಿ ವ್ಯವಹಾರ ಮಾಡಿ ಸಹಿ ಹಾಕುವವನು. ಹಾಗೆಂದು ಯಜಮಾನ ಬರೆದುಕೊಟ್ಟ ಕಾಗದವೇ ಮುಖತ್ಯಾರನಾಮೆ. ದಿನವೂ ಅದರಿಂದಲೇ ಅನ್ನ ತಿನ್ನುತ್ತಿದ್ದ ನನಗೂ ಆ ಹೊತ್ತಿನಲ್ಲಿ ಈ ಭೇದ ಹೊಳೆಯಲಿಲ್ಲ. ಮೂವರು ವಿದ್ವಾಂಸರು ಪರಸ್ಪರ ಮೆಚ್ಚಿಕೊಂಡು ಎದ್ದೆವು.

ಫಲ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಯಲಬುರ್ಗಾ ಕಡೆಯ ಒಬ್ಬ ಒಕ್ಕಲಿಗ ಎತ್ತಿನ ಬಂಡಿ ಕಟ್ಟಿಕೊಂಡು ನನ್ನಲ್ಲಿಗೆ ಬಂದ. ಊರ ಗುಡಿಯ ದೇವರ ಹೆಸರಿನಲ್ಲಿದ್ದ ಹೊಲವನ್ನು ಅವನ ಮನೆತನ ತಲೆತಲಾಂತರದಿಂದ ಉಳುತ್ತಿತ್ತು; ಪೂಜಾರಿಗೂ ಅವನಿಗೂ ಜಗಳ.

"ದೇವರು ಮನಷಾಗ ಮುಖತ್ಯಾರನಾಮೆ ಬರದುಕೊಟ್ಟಾನಂತಲ್ರಿ. ಸಂತ್ಯಾಗ ಟೊಪಿಗಿ ಮಾಸ್ತರು ಸಾರಿ ಹೇಳಿದ್ರು. ಅದರದೊಂದು ನಕಲು ತಗಸಿ ಕೊಡ್ರಿ. ದೇವರ ಹೊಲದ ಕಾಗದಕ್ಕ ದೇವರ ಪರವಾಗಿ ನಾನ ಸಹಿ ಹಾಕ್ತೀನಿ."

"ಅಪ್ಪಾ, ಆ ಮಾಸ್ತರು ಹೇಳಿದ್ದು ಕ್ರೈಸ್ತರ ದೇವರ ವಿಷಯ. ನಿನ್ನ ಹೊಲ ಇರುವುದು ಹನುಮಂತ ದೇವರ ಹೆಸರಿನಲ್ಲಿ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಯಾವ ದೇವರಾದ್ರೇನ್ರಿ ಸಾಹೇಬ್ರ. ಮ್ಯಾಲಿನ ಕಚೇರಿ ಒಂದ ಅಲ್ಲೇನ್ರಿ?"

ಸಂಜೆ ಇದನ್ನು ಮಾಸ್ತರರಿಗೆ ಹೇಳಿ ಹೊಟ್ಟೆ ಹಿಡಿದು ನಕ್ಕೆ. ಅವರು ನಗಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೋದರು. ಕೆಲವು ದಿನ ಕಟ್ಟೆಯತ್ತ ಸುಳಿಯಲಿಲ್ಲ. ಬಂದಾಗ ಪೀಠಿಕೆ ಇಲ್ಲದೆ ಶುರುಮಾಡಿದರು.

"ಒಂದು ಕಾಯಿದೆ ಮಾತು ಕೇಳ್ತೀನಿ ವಕೀಲರ. ಮುಖತ್ಯಾರ ಒಂದು ದಡ್ಡ ಕರಾರು ಮಾಡಿದ. ಅದಕ್ಕ ಕಟ್ಟುಬೀಳಾಂವ ಯಾರು?"

"ಬರೆದುಕೊಟ್ಟ ಯಜಮಾನ."

"ನಾ ಊರಾಗಿದ್ದಿಲ್ಲ, ನನಗ ಸಂಬಂಧ ಇಲ್ಲ ಅಂದ್ರ?"

"ನಡೆಯದು. ಅಧಿಕಾರ ಕೊಟ್ಟ ಮೇಲೆ ಇವನ ಸಹಿಯೇ ಅವನ ಸಹಿ."

"ಹಂಗಾದ್ರ ಆ ಒಕ್ಕಲಿಗನ ತಪ್ಪು ಬರೋಬ್ಬರಿ ಐತಿ, ನನ್ನ ಉಪದೇಶ ತಪ್ಪೈತಿ. ಇಷ್ಟು ದಿನ ನಾನು, ದೇವರು ಮನಷಾಗ ಸ್ವಾತಂತ್ರ್ಯ ಕೊಟ್ಟು ತಾನು ಆಕಡೆ ಸರದು ಕುಂತಾನ ಅಂತ ಹೇಳ್ಕೋಂತ ಬಂದೆ. ಸರದು ಕುಂತಿಲ್ರಿ. ಸಹಿ ಹಾಕೂ ಕೈ ನಮ್ದು, ಕಟ್ಟುಬೀಳಾಂವ ಆತ. ಅದಕ್ಕ ಶಿಲುಬಿ ಏರಿದ."

"ಯಜಮಾನ ಮುಖತ್ಯಾರನಾಮೆಯನ್ನು ರದ್ದು ಮಾಡಬಹುದಲ್ಲ? ಕಾಯಿದೆಯಲ್ಲಿ ಅವಕಾಶವಿದೆ."

"ಮಾಡಬಹುದಿತ್ತು. ಮಾಡಲಿಲ್ಲ. ಅದನ್ನ ನಾವು ಸುವಾರ್ತೆ ಅಂತೀವಿ."

ಕೋರ್ಟಿನ ಜವಾನ ಯಾರದೋ ಹೆಸರು ಕೂಗುತ್ತಿದ್ದ. ಎದ್ದು ಹೋಗಬೇಕಿತ್ತು, ಅವರ ಪಕ್ಕದಲ್ಲೇ ಕೂತೆ. ನಾನು ಕ್ರೈಸ್ತನಲ್ಲ, ಆಗುವವನೂ ಅಲ್ಲ. ಆದರೂ ಆ ಮಧ್ಯಾಹ್ನ ಬೇವಿನ ಕೆಳಗೆ ಒಬ್ಬ ಮನುಷ್ಯ ತನ್ನ ದೇವರನ್ನು ಹೊಸದಾಗಿ ಕಂಡದ್ದನ್ನು ನೋಡಿದೆ. ಅದನ್ನು ಸುಳ್ಳೆನ್ನಲಾರೆ.

ಇನ್ನು ಕೇಳದೆ ಬಿಟ್ಟ ಮಾತು.

ಮಿಶನ್ನಿನ ದೊರೆಗಳು ವರ್ಷಕ್ಕೊಮ್ಮೆ ಬರುತ್ತಿದ್ದರು. ಒಳ್ಳೆಯ ಮನುಷ್ಯ. ಕನ್ನಡವನ್ನು ವ್ಯಾಕರಣದಿಂದ ಕಲಿತಿದ್ದರಿಂದ ಅವರ ಮಾತಿನಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ, ಊರವರಿಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಗಂಗಾವತಿಯಲ್ಲಿ ಹೊಸ ಕ್ರೈಸ್ತ ದೇವಾಲಯ ಎದ್ದಿತ್ತು. ಮಾಸ್ತರರಿಗೆ ದೀಕ್ಷೆ ಕೊಟ್ಟು ಅಲ್ಲಿಗೆ ಪಾಲಕರನ್ನಾಗಿ, ಅಂದರೆ ಪಾದ್ರಿಯನ್ನಾಗಿ, ಮಾಡಬೇಕೆಂಬುದು ದೊರೆಗಳ ಇಚ್ಛೆ. ತಾವು ಓದಿದ್ದನ್ನೆಲ್ಲ ಹೇಳಲು ಒಂದು ಪೀಠ ಸಿಗಬೇಕೆಂಬುದು ಮಾಸ್ತರರ ಜೀವಮಾನದ ಆಸೆ. ಅಡ್ಡಿ ಒಂದೇ. ಸ್ವಂತ ಹೆಂಡತಿ ಕೊರಳಲ್ಲಿ ಲಿಂಗ ಕಟ್ಟಿಕೊಂಡಿರುವಾಗ ಪಾಲಕರು ಊರಿಗೆ ಯಾವ ಬಾಯಿಂದ ಉಪದೇಶ ಮಾಡಬೇಕು? ದೊರೆಗಳು ದೊರೆಸಾನಿಯವರೊಡನೆ ಮಾಸ್ತರರ ಮನೆಗೆ ಬಂದು ಈ ಮಾತು ತೆಗೆದ ದಿನ, ಸಾಲೆಯ ಕಟ್ಟಡದ ಕಾಗದಪತ್ರಕ್ಕೆಂದು ನಾನೂ ಅಲ್ಲಿದ್ದೆ.

"ತಾವು ತಮ್ಮ ಪತ್ನಿಯವರನ್ನು ದೀಕ್ಷಾಸ್ನಾನಕ್ಕೆ ಆಹ್ವಾನಿಸಿರುವಿರೋ?" ದೊರೆಗಳು ಕೇಳಿದರು.

"ಇಲ್ರಿ."

"ಯಾವ ಕಾರಣದಿಂದ?"

"ಆಕಿ ಒಮ್ಮೆ ಮನಿ ಮಾರು ಬಿಟ್ಟು ನನ್ನ ಹಿಂದ ಬಂದಾಳ್ರಿ. ಇನ್ನೊಮ್ಮೆ ನನ್ನ ಹಿಂದ ಬಾ ಅನ್ನಾಕ ನನಗ ಬಾಯಿಲ್ಲ."

"ತಮ್ಮ ಹಿಂದೆಯಲ್ಲ, ಕರ್ತನ ಹಿಂದೆ."

"ನಡಬರಕ ನಾ ನಿಂತಿರತೀನಲ್ರಿ. ಆಕಿಗೆ ಕರ್ತ ಹೆಂಗ ಕಾಣತಾನ?"

ದೊರೆಗಳು ವ್ಯಾಕರಣದಲ್ಲಿ ಇದಕ್ಕೆ ಉತ್ತರ ಹುಡುಕತೊಡಗಿದರು. ದೊರೆಸಾನಿಯವರು ಮಾತ್ರ ಬೇರೆ ದಾರಿ ಹಿಡಿದು, ಹಿಂದಿನ ಖೋಲಿಗೆ ಹೋಗಿ ನೇರವಾಗಿ ಆಕೆಯನ್ನೇ ಕೇಳಿದರು. ರೊಟ್ಟಿ ಬಡಿಯುವ ಸದ್ದು ನಿಂತಿತು. ಆಕೆಯ ಉತ್ತರ ಮುಂದಿನ ಖೋಲಿಯಲ್ಲಿದ್ದ ನಮಗೆಲ್ಲ ಕೇಳಿಸಿತು.

"ನಮ್ಮನಿಯವರು ಕೇಳಿಲ್ಲಲ್ರಿ ಇನ್ನಾ."

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ದೊರೆಸಾನಿಯವರು ನಗುಮುಖದಿಂದ ಹೊರಗೆ ಬಂದರು. ಕೆಲಸ ಮುಗಿದಂತೆಯೇ ಎಂದು ಎಲ್ಲರಿಗೂ ಅನ್ನಿಸಿತು, ನನಗೂ ಅನ್ನಿಸಿತು. ಗಂಡ ಒಂದು ಮಾತು ಕೇಳುವುದಷ್ಟೇ ಬಾಕಿ. ಬರುವ ಕ್ರಿಸ್ತಜಯಂತಿಯೊಳಗೆ ಕೇಳಬೇಕೆಂದು ಹೇಳಿ ದೊರೆಗಳು ರೈಲು ಹತ್ತಿದರು.

ಮರುದಿನ ಅದೇ ಮುಂದಿನ ಖೋಲಿಯಲ್ಲಿ ಕೂತು ನಾನು ಮಾಸ್ತರರ ಮೇಲೆ ಹರಿಹಾಯ್ದೆ. ಒಂದು ಮಾತಿನಲ್ಲಿ ಪಾಲಕರ ಪದವಿ ಕೈಗೆ ಬರುವಾಗ ಇದೆಂಥ ಹಟ? ಅಡಿಗೆಗೆ ಕೇಳುವವರು, ಕಿಟಕಿಗೆ ಕೇಳುವವರು ಇದೊಂದನ್ನು ಕೇಳಿದರೆ ಏನು ಗಂಟು ಹೋಗುತ್ತದೆ?

"ಕೇಳಿದ್ರ ಆಕಿ ಹ್ಞೂಂ ಅಂತಾಳ್ರಿ" ಅಂದರು.

"ಅದಕ್ಕೇ ಕೇಳಿ ಎನ್ನುತ್ತಿದ್ದೇನೆ."

"ಅದಕ್ಕ ಕೇಳಂಗಿಲ್ಲ. ಅದು ಆಕಿ ಹ್ಞೂಂ ಅಲ್ರಿ. ನನ್ನ ಹ್ಞೂಂ, ಆಕಿ ಬಾಯಾಗಿಂದ ಬರತೈತಿ. ಅಂಥಾದ್ದನ್ನ ದೇವರ ಮುಂದ ಹೆಂಗ ಒಪ್ಪಸ್ಲಿ? ಆಕಿ ತಾನಾಗಿ ಬಂದ್ರ ಬರಲಿ."

"ಬಾರದಿದ್ದರೆ?"

ಈ ಸಲ ಟೊಪ್ಪಿಗೆ ತೆಗೆಯಲು ಹೋದ ಕೈ ಅಲ್ಲೇ ನಿಂತಿತು. ನಾನು ಕೇಳಬಾರದ್ದನ್ನು ಕೇಳಿದ್ದೆ. ಇದರ ಮುಂದೆ ಪಾಲಕರ ಪದವಿ ಅವರಿಗೆ ಸಣ್ಣ ಮಾತು. ಅವರು ನಂಬಿದ್ದನ್ನು ಪೂರಾ ನಂಬಿದವರು. ದೀಕ್ಷಾಸ್ನಾನವಿಲ್ಲದೆ ಸತ್ತರೆ ಆಕೆ ಒಂದು ಕಡೆ, ತಾವು ಒಂದು ಕಡೆ, ಆಮೇಲೆ ಎಂದೆಂದಿಗೂ ಭೇಟಿ ಇಲ್ಲವೆಂದು ಅವರು ನಂಬಿದ್ದರು. ತಾಮ್ರದ ಕೊಡ ಎತ್ತಿಕೊಂಡು ಹಿಂದೆ ಬಂದವಳನ್ನು ಆ ಕೊನೆಯ ಬಾಗಿಲಿನಲ್ಲಿ ಹೊರಗೆ ಬಿಟ್ಟು ತಾವೊಬ್ಬರೇ ಒಳಗೆ ಹೋಗಬೇಕಿತ್ತು. ಒಂದು ಮಾತು ಕೇಳಿದರೆ ಇದು ತಪ್ಪುತ್ತಿತ್ತು. ಆ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡೇ ಅವರು ದಿನವೂ ಆಕೆಯ ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದರು.

"ಬರಲಿಲ್ಲಂದ್ರ" ಎಂದರು ಕೊನೆಗೆ, "ಅಲ್ಲಿಗೆ ಹ್ವಾದಮ್ಯಾಲೆ ನಾನ ಹೊರಗ ನಿಂದರತೀನಿ. ಅಷ್ಟು ಸ್ವಾತಂತ್ರ್ಯ ಅಲ್ಲಿ ಇದ್ದೀತು."

ಕ್ರಿಸ್ತಜಯಂತಿ ಬಂತು, ಹೋಯಿತು. ಗಂಗಾವತಿಗೆ ಬೇರೆ ತರುಣ ಪಾಲಕರು ಬಂದರು. ಮಾಸ್ತರರು ಮಗ್ಗಿ ಹೇಳಿಕೊಡುತ್ತ ಉಳಿದರು. ಆ ತರುಣರ ಉಪದೇಶಕ್ಕೆ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿ ಬರುತ್ತಿದ್ದರು. ಯುದ್ಧದ ವರ್ಷಗಳು ಬಂದವು, ಜೋಳ ಮಾಯವಾಯಿತು, ಸೀಮೆಎಣ್ಣೆ ಮಾಯವಾಯಿತು. ಅವರ ಮನೆಯ ಬೆಳಗಿನ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. "ಇವತ್ತ ಏನು ಮಾಡಬೇಕಂತಿ?" "ಉಪಾಸ ಮಾಡಬೇಕಂತೀನಿ. ನಿಮಗೂ ಬಡಸ್ಲೇನು?"

ಆಕೆ ಅಂಥವರು. ನಾನು ಅವರ ಮುಖ ನೋಡಿ ಮಾತನಾಡಿದ್ದು ಕಡಿಮೆ, ಗೋಡೆಯಾಚೆಯ ದನಿ ಕೇಳಿದ್ದೇ ಹೆಚ್ಚು. ಮಾಸ್ತರರು ಒಮ್ಮೆ ನನ್ನೆದುರಿಗೆ, ತಾವಿಬ್ಬರೂ ಸತ್ತ ಮೇಲೆ ಮಣ್ಣು ಸೇರುವವರೇ, ಅಷ್ಟರಲ್ಲಿ ಎರಡು ಮತಕ್ಕೂ ಭೇದವಿಲ್ಲ ಎಂದು ಸಮಾಧಾನದ ಮಾತು ಆಡಿದರು. ಒಳಗಿನಿಂದ ತಿದ್ದುಪಡಿ ಬಂತು: "ಭೇದ ಇಲ್ಲಂತ ಯಾರಂದ್ರು? ನನ್ನ ಕುಂದರಿಸಿ ಮಣ್ಣು ಕೊಡ್ತಾರ, ನಿಮ್ಮನ್ನ ಮಲಗಿಸಿ. ಅಲ್ಲೀನೂ ನಾನ ಎಚ್ಚರಿರಬೇಕು, ನೀವ ನಿದ್ದಿ ಮಾಡವ್ರು."

ಯುದ್ಧ ಮುಗಿದ ಮರುವರ್ಷ ಮಾಸ್ತರರು ಹಾಸಿಗೆ ಹಿಡಿದರು. ಶ್ವಾಸಕೋಶಕ್ಕೆ ನೀರು ಸೇರಿದೆಯೆಂದು ಡಾಕ್ಟರರು ಹೇಳಿದರು. ಒಂದು ಮಧ್ಯಾಹ್ನ ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಉಸಿರಿಗೆ ಉಸಿರು ಸಿಗುತ್ತಿರಲಿಲ್ಲ. ಟೊಪ್ಪಿಗೆ ಗೂಟದಲ್ಲಿತ್ತು, ಆ ತಲೆಯನ್ನು ಅಷ್ಟು ಹೊತ್ತು ಬರಿದಾಗಿ ನಾನು ನೋಡಿದ್ದು ಅಂದೇ. ನನ್ನ ಕೈ ಹಿಡಿದು, "ಇವತ್ತ ಕೇಳಬೇಕಂತ ಮಾಡೀನ್ರಿ" ಎಂದರು. ಏನನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ತತ್ತ್ವಜ್ಞಾನ ದೊಡ್ಡದು, ಸಾವು ಹತ್ತಿರದ್ದು, ಒಳ್ಳೆಯದೇ ಆಯಿತೆಂದುಕೊಂಡೆ.

ಆಕೆ ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಾಸ್ತರರು ಆಕೆಯ ಮುಖವನ್ನೇ ನೋಡಿದರು. ಆಕೆಯೂ ನೋಡಿದರು, ಚಮಚ ಎತ್ತದೆ, ಕಣ್ಣು ಮಿಟುಕಿಸದೆ ಕಾದರು. ನಾನು ಎದ್ದು ಹೊರಗೆ ಹೋಗಬೇಕಿತ್ತೋ ಏನೋ. ಮಾಸ್ತರರ ತುಟಿ ಎರಡು ಸಲ ಅಲುಗಿತು.

"ಉಪ್ಪು ಹಾಕೀಯೇನು?" ಎಂದರು.

ಆಕೆ ಕಣ್ಣನ್ನು ಬಟ್ಟಲಿಗೆ ಇಳಿಸಿದರು. "ಹಾಕೀನ್ರಿ" ಎಂದು ಚಮಚ ಎತ್ತಿದರು.

ಆ ವಾರ ಮುಗಿಯುವುದರೊಳಗೆ ಮಾಸ್ತರರು ತೀರಿಕೊಂಡರು. ಗಂಗಾವತಿಯ ಪಾಲಕರು ಬಂದು ಕ್ರಮಪ್ರಕಾರ ಮಣ್ಣು ಮಾಡಿದರು. ಆಗಲೇ ನಿವೃತ್ತರಾಗಿದ್ದ ಕುಷ್ಟಗಿಯ ಆ ತಹಶೀಲ್ದಾರ ಸಾಹೇಬರು ಎಲ್ಲಿಂದಲೋ ಬಂದು, ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಿ ಹೋದರು. ಆಕೆ ವಿಭೂತಿ ಧರಿಸಿಕೊಂಡೇ ಬಂದು, ಕ್ರೈಸ್ತರೆಲ್ಲ ಪ್ರಾರ್ಥನೆ ಮಾಡುವಾಗ ಬೇಲಿಯ ಹತ್ತಿರ ನಿಂತಿದ್ದರು. ಒಳಗೆ ಬರಬಹುದೆಂದು ಪಾಲಕರು ಕೈಸನ್ನೆ ಮಾಡಿದರು. ಆಕೆ ಬೇಡವೆಂದು ತಲೆಯಲ್ಲಾಡಿಸಿದರು.

ಮಿಶನ್ನಿನ ಮನೆ ಬಿಡಬೇಕಾದ ದಿನ ಹತ್ತಿರ ಬಂದಾಗ, ಏನಾದರೂ ನೆರವು ಬೇಕೇ ಎಂದು ವಿಚಾರಿಸಲು ಹೋದೆ. ಶಿಲುಬೆಯನ್ನು ಗೋಡೆಯಿಂದ ಇಳಿಸಿ ಅರಿವೆಯಲ್ಲಿ ಸುತ್ತುತ್ತಿದ್ದರು. ಯಲಬುರ್ಗಾ ಕಡೆಯ ತವರಿನಲ್ಲಿ ಅಣ್ಣನ ಮಗ ಒಬ್ಬನಿದ್ದಾನೆ, ಅಲ್ಲಿಗೆ ಹೋಗುವುದಾಗಿ ಹೇಳಿದರು. ಶಿಲುಬೆಯೂ ತಮ್ಮೊಂದಿಗೆ ಬರುತ್ತದೆಂದರು. ಮಾಸ್ತರರು ಬಾಯಿಬಿಟ್ಟು ಹೇಳಲಾರದೆ ಹೋದದ್ದನ್ನು ತಿಳಿಸುವುದು ಗೆಳೆಯನಾದ ನನ್ನ ಕರ್ತವ್ಯವೆಂದು ನನಗೆ ತೋರಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಅಮ್ಮಾ, ಮಾಸ್ತರರು ನಿಮ್ಮನ್ನು ಒಂದು ಮಾತು ಕೇಳದೆಯೇ ಹೋದರು. ಯಾಕೆಂದರೆ..."

"ಗೊತ್ತೈತ್ರಿ" ಎಂದರು. "ನಡುವ ಒಂದ ಗ್ವಾಡಿ. ನೀವು ಮಾತಾಡಿದ್ದೆಲ್ಲಾ ಅಡಿಗಿ ಮನಿಗೆ ಕೇಳಸ್ತಿತ್ತು. ಕೇಳಿದ್ರ ಆಕಿ ಹ್ಞೂಂ ಅಂತಾಳ ಅಂತಿದ್ರು."

"ಹೌದು. ನಿಮ್ಮ ಸ್ವಾತಂತ್ರ್ಯಕ್ಕೆ ತಮ್ಮಿಂದ ಭಂಗ ಬರಬಾರದೆಂದು..."

"ಒಲ್ಲೆ ಅಂತಿದ್ದೆ."

ನನಗೆ ಅರ್ಥವಾಗಲಿಲ್ಲವೆಂದು ತಿಳಿದು ಆಕೆ ಕೆಲಸ ನಿಲ್ಲಿಸಿ, ಅರಿವೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಅಳುತ್ತಿರಲಿಲ್ಲ.

"ಕೇಳಿದ್ರ ನಾ ಒಲ್ಲೆ ಅಂತಿದ್ದೆ ವಕೀಲರ. ಒಲ್ಲೆ ಅಂದು, ಮತ್ತ ಅವರ ಗಂಗಾಳಕ್ಕ ರೊಟ್ಟಿ ಬಡದು ಹಾಕ್ತಿದ್ದೆ. ಒಲ್ಲೆ ಅಂದಾಕೀನೂ ಬಿಟ್ಟು ಹೋಗಂಗಿಲ್ಲ ಅಂತ ಅವರಿಗೆ ಒಂದು ಸರ್ತಿ ತೋರಸಬೇಕಿತ್ತು ನನಗ. ಅವತ್ತ ಗಂಜಿ ಹಿಡಕೊಂಡು ಕುಂತಾಗ, ಕೇಳ್ತಾರ, ಈಗ ಕೇಳ್ತಾರ ಅಂತ ಕಾದೆ. ಉಪ್ಪು ಕೇಳಿದ್ರು."

ಗಂಟಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದರು.

"ಆ ಒಲ್ಲೆ ಇನ್ನಾ ನನ್ನ ಬಾಯಾಗ ಐತಿ ನೋಡ್ರಿ. ಈಗ ಯಾರಿಗೆ ಹೇಳಲಿ ಅದನ್ನ?"